ನಿಮಗಿದು ಗೊತ್ತೇ? ಪೊಟ್ಯಾಷ್ ಚೀಲವೂ ಟಿಕ್ ಟಿಕ್ ಎನ್ನುತ್ತದೆ!

◆ ಗೈಗರ್ ಕೌಂಟರ್ ಹಿಡಿದು ಸಕಲೇಶಪುರದ ಯಾವುದಾದರೂ ಕಾಫಿ ತೋಟದ ಗೊಬ್ಬರದ ಗೋದಾಮಿಗೆ ಹೋಗಿ. ಯೂರಿಯಾ ಮೂಟೆಯ ಹತ್ತಿರ ಹಿಡಿದರೆ ವಿಶೇಷವೇನೂ ಇಲ್ಲ. ಪೊಟ್ಯಾಷ್ ಚೀಲಕ್ಕೆ ತಾಗಿಸಿ ಸ್ವಲ್ಪ ಹೊತ್ತು ಕಾಯಿರಿ, ಟಿಕ್ ಟಿಕ್ ಚುರುಕಾಗುತ್ತದೆ. ಸಹಜ ಪೊಟ್ಯಾಸಿಯಂನ ಹತ್ತು ಸಾವಿರ ಪರಮಾಣುಗಳಲ್ಲಿ ಸುಮಾರು ಒಂದು ವಿಕಿರಣ ಸೂಸುವ ಪೊಟ್ಯಾಸಿಯಂ-40. ಗ್ರಾಂ ಒಂದಕ್ಕೆ ಸೆಕೆಂಡಿಗೆ ಸುಮಾರು 31 ಪರಮಾಣು ಸಿಡಿಯುತ್ತವೆ. ಪೊಟ್ಯಾಷ್ ಗೊಬ್ಬರದ (ಎಂಒಪಿ) ತೂಕದಲ್ಲಿ ಅರ್ಧದಷ್ಟು ಪೊಟ್ಯಾಸಿಯಮ್ಮೇ, ಹಾಗಾಗಿ ಕಿಲೋ ಗೊಬ್ಬರಕ್ಕೆ ಸೆಕೆಂಡಿಗೆ ಸುಮಾರು 15,000. ಗಾಬರಿ ಬೇಡ, ಓದುತ್ತಿರುವ ನಿಮ್ಮ ಮೈಯೊಳಗೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಇದೇ ಸಿಡಿತ ನಡೆದಿದೆ.

◆ ಕಾಫಿ ಗಿಡ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಯಾವಾಗ ಹಾಕಬೇಕೆಂಬುದು ಬೆಳೆಗಾರರ ಹಳೆಯ ತಲೆನೋವು. ಮಣ್ಣಿನ ತೇವ ಅಳೆಯಲು ಸಲಾಕೆ ಚುಚ್ಚಿದರೆ ಗೊತ್ತಾಗುವುದು ಆ ಒಂದು ಜಾಗದ ಕಥೆ ಮಾತ್ರ. ಅರಿಜೋನಾ ವಿಶ್ವವಿದ್ಯಾಲಯದ ಮಾರೆಕ್ ಜ್ರೆಡಾ ಮತ್ತು ಸಂಗಡಿಗರು 2008ರಲ್ಲಿ ಬೇರೆಯೇ ದಾರಿ ತೋರಿಸಿದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಗಾಳಿಗೂ ನೆಲಕ್ಕೂ ಬಡಿದಾಗ ನ್ಯೂಟ್ರಾನ್‌ಗಳು ಹುಟ್ಟುತ್ತವೆ. ಅವುಗಳ ಓಟ ತಗ್ಗಿಸುವುದರಲ್ಲಿ ಹೈಡ್ರೋಜನ್ನಿಗೆ ಸರಿಸಾಟಿ ಇಲ್ಲ, ಮಣ್ಣಿನಲ್ಲಿ ಹೈಡ್ರೋಜನ್ ಹೆಚ್ಚಾಗಿ ಇರುವುದು ನೀರಿನಲ್ಲೇ. ನೆಲ ಒದ್ದೆಯಿದ್ದಷ್ಟೂ ಮೇಲಕ್ಕೆ ಮರಳುವ ನ್ಯೂಟ್ರಾನ್ ಕಡಿಮೆ. ಕಂಬಕ್ಕೆ ಕಟ್ಟಿದ ಒಂದೇ ಕೌಂಟರ್ ಸುತ್ತಲಿನ ಹತ್ತಾರು ಎಕರೆಯ ಸರಾಸರಿ ತೇವ ಹೇಳುತ್ತದೆ, ನೆಲ ಅಗೆಯುವ ಗೋಜಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಕೈಜೋಡಿಸಿರುವ ಕಾಸ್ಮೋಸ್-ಇಂಡಿಯಾ ಎಂಬ ಇಂಥ ಕೌಂಟರುಗಳ ಜಾಲದಲ್ಲಿ ಕರ್ನಾಟಕದ ತಾಣಗಳೂ ಇವೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅವುಗಳಲ್ಲೊಂದು. ಮಲೆನಾಡಿಗೆ ತಂದರೆ ತಕರಾರು ಇಲ್ಲದಿಲ್ಲ. ನೆರಳಿನ ಮರ, ಗಿಡ, ತರಗೆಲೆಗಳಲ್ಲಿರುವ ಹೈಡ್ರೋಜನ್ನೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಜೊತೆಗೆ ಮಣ್ಣು ತೊಯ್ದು ತೊಪ್ಪೆಯಾದ ಮೇಲೆ ಯಂತ್ರದ ಸೂಕ್ಷ್ಮತೆ ಇಳಿಯುತ್ತದೆ. ಆಷಾಢದಲ್ಲಿ ಅದನ್ನು ಕೇಳುವ ಅಗತ್ಯವೂ ಇಲ್ಲವೆನ್ನಿ.

◆ ಕರಿಮೆಣಸಿಗೆ ಗಾಮಾ ಕಿರಣ ಹಾಯಿಸಿದ್ದಾರೋ ಇಲ್ಲವೋ ಎಂಬುದನ್ನು ಹೇಳುವುದು ಮೆಣಸಲ್ಲ, ಅದಕ್ಕೆ ಅಂಟಿದ ಧೂಳು! ರೋಗಾಣು ಕೊಲ್ಲಲು ಸಾಂಬಾರ ಪದಾರ್ಥಗಳಿಗೆ ಗಾಮಾ ಹಾಯಿಸುವ ಘಟಕವನ್ನು ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ (ಬ್ರಿಟ್) 2000ದಲ್ಲಿ ನವಿ ಮುಂಬೈನ ವಾಶಿಯಲ್ಲಿ ಆರಂಭಿಸಿತು. ಯೂರೋಪಿನಲ್ಲಿ ಹೀಗೆ ಮಾಡಿದ ಮಾಲಿನ ಚೀಟಿಯ ಮೇಲೆ ಅದನ್ನು ಬರೆಯಲೇಬೇಕು. ಬರೆಯದೆ ತಪ್ಪಿಸಿಕೊಂಡರೆ? ಕಣದಲ್ಲಿ ಒಣಗುವಾಗ ಮೆತ್ತಿಕೊಂಡ ಮಣ್ಣಿನ ಕಣಗಳು ವಿಕಿರಣದ ಶಕ್ತಿಯನ್ನು ಒಳಗೇ ಹಿಡಿದಿಟ್ಟುಕೊಂಡಿರುತ್ತವೆ. ಪ್ರಯೋಗಾಲಯದವರು ಧೂಳನ್ನು ತೊಳೆದು ಬೇರ್ಪಡಿಸಿ, ನೂರಾರು ಡಿಗ್ರಿ ಕಾಯಿಸುತ್ತಾರೆ. ಗಾಮಾ ಕಂಡಿದ್ದರೆ ಧೂಳು ಮಿನುಗಿ ಸುಳಿವು ಕೊಡುತ್ತದೆ.

◆ ಎಕ್ಸ್‌ರೇ ಕೋಣೆಯ ಟೆಕ್ನೀಷಿಯನ್ ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜಿನ ಗುಟ್ಟೂ ಇದೇ. ಒಳಗಿನ ಬಿಲ್ಲೆಗಳಲ್ಲಿರುವುದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ಬಿಸಿ ಮಾಡಿದಾಗ ಹೊಮ್ಮುವ ಬೆಳಕೇ ಆ ಅವಧಿಯಲ್ಲಿ ಮೈಗೆ ತಗುಲಿದ ವಿಕಿರಣದ ಲೆಕ್ಕ.

◆ ಬೋರ್‌ವೆಲ್ ನೀರಿನಲ್ಲಿ ರೇಡಾನ್ ಅನಿಲ ಕರಗಿರುತ್ತದೆ, ಬಂಡೆಯೊಳಗಿನ ಯುರೇನಿಯಂ ಅದರ ಮೂಲ. ಹಾಸನ ಜಿಲ್ಲೆಯ ಕುಡಿಯುವ ನೀರಿನ ರೇಡಾನನ್ನು ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ಪ್ರಕಟಿಸಿದ್ದಾರೆ. ಈ ಕೆಲಸದಲ್ಲಿ ಯಂತ್ರಕ್ಕಿಂತ ಬಾಟಲಿ ತುಂಬುವ ಕೈ ಮುಖ್ಯ. ಒಂದು ಗುಳ್ಳೆಯೂ ನಿಲ್ಲದಂತೆ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಬೇಕು, ಇಲ್ಲವಾದರೆ ಅನಿಲ ಹಾರಿಹೋಗುತ್ತದೆ. ತಡಮಾಡುವಂತೆಯೂ ಇಲ್ಲ, ಸುಮಾರು 3.8 ದಿನಕ್ಕೆ ಅದು ಅರ್ಧಕ್ಕಿಳಿಯುತ್ತದೆ. ಕಾಯಿಸಿದರೂ ಬಹುಪಾಲು ಹೋಗುತ್ತದೆ.

◆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲು ದಾರಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಒಳಗೆ ಹೊಕ್ಕಾಗ ಆಕಾಶದ ಕಿರಣ ಕಡಿಮೆಯಾಗುತ್ತದೆ, ಆದರೆ ಬಂಡೆಯ ಗಾಮಾ ಎಡಬಲಗಳಿಂದಲೂ ನೆತ್ತಿಯ ಮೇಲಿಂದಲೂ ಬರತೊಡಗುತ್ತದೆ. ಈಗಿನ ಜೇಬಿನ ಸ್ಪೆಕ್ಟ್ರೋಮೀಟರ್ ಇದರಲ್ಲಿ ಪೊಟ್ಯಾಸಿಯಂ ಎಷ್ಟು, ಥೋರಿಯಂ ಎಷ್ಟು ಎಂದು ಬಿಡಿಸಿ ತೋರಿಸಬಲ್ಲದು. ಸಾವಿರ ವೋಲ್ಟ್ ಬೇಡುತ್ತಿದ್ದ ಗಾಜಿನ ಕೊಳವೆಯ ಜಾಗಕ್ಕೆ ಕೆಲವೇ ಹತ್ತು ವೋಲ್ಟಿನ ಸಿಲಿಕಾನ್ ಚಿಪ್ ಬಂದದ್ದರಿಂದ ಇದು ಸಾಧ್ಯವಾಯಿತು.

◆ 2017ರ ಜೂನ್ 5ರಂದು ಹಾರಿದ ಜಿಸ್ಯಾಟ್-19 ಬರೀ ಸಂಪರ್ಕ ಉಪಗ್ರಹವಲ್ಲ. ಬಾಹ್ಯಾಕಾಶದ ವಿಕಿರಣ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಹೇಗೆ ಕಾಡುತ್ತದೆಂದು ನೋಡಲು ‘ಗ್ರಾಸ್ಪ್’ ಎಂಬ ಸ್ಪೆಕ್ಟ್ರೋಮೀಟರನ್ನೂ ಹೊತ್ತೊಯ್ದಿತ್ತು. ಕಕ್ಷೆ ಸೇರಿದ ಮೇಲೆ ಅದರ ಲಗಾಮು ಹಿಡಿದದ್ದು ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ (ಎಂಸಿಎಫ್).

◆ 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ ಉಪಗ್ರಹದ ಪೋಲಿಕ್ಸ್ ಉಪಕರಣ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಎಕ್ಸ್‌ರೇ ಎಷ್ಟಿದೆ ಎಂಬುದಲ್ಲ, ಅದರ ಕಂಪನ ಯಾವ ದಿಕ್ಕಿಗಿದೆ ಎಂಬುದನ್ನು ಅದು ಅಳೆಯುತ್ತದೆ.

◆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯೂ ಒಂದು, 1965ರಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ. ಐವತ್ತರ ದಶಕದಲ್ಲೇ ಈ ಗಣಿಗೆ ಉಪಕರಣ ಇಳಿಸಿ ಕಾಸ್ಮಿಕ್ ಕಿರಣ ಅಳೆದಿದ್ದ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು.

◆ ಅಂಗೈ ಚಾಚಿ ಒಂದು ನಿಮಿಷ ನಿಂತರೆ ಆಕಾಶದಿಂದ ಸುರಿಯುವ ಸುಮಾರು ನೂರು ಮ್ಯೂಆನ್ ಕಣಗಳು ಅದನ್ನು ತೂರಿ ಹೋಗುತ್ತವೆ. ಇವನ್ನೇ ಎಣಿಸಿ 2017ರಲ್ಲಿ ಈಜಿಪ್ಟಿನ ಖೂಫು ಪಿರಮಿಡ್ಡಿನೊಳಗೆ ಕನಿಷ್ಠ 30 ಮೀಟರ್ ಉದ್ದದ ಖಾಲಿ ಜಾಗ ಪತ್ತೆಹಚ್ಚಿದರು. ಸಕಲೇಶಪುರದ ಮಂಜರಾಬಾದ್ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆ ಎನ್ನುವವರು ಇದನ್ನು ಕೇಳಿ ಹಿಗ್ಗಬಹುದು. ತೊಡಕೊಂದೇ: ಮ್ಯೂಆನ್ ಬರುವುದು ಮೇಲಿಂದ, ಆದ್ದರಿಂದ ಯಂತ್ರವನ್ನು ಸುರಂಗಕ್ಕಿಂತ ಕೆಳಗೆ ಇಡಬೇಕು.