ಹಳೆಯ ಜೀಪು: ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ?

ಸದಸ್ಯ ಬಾಂಧವರು ಕಚೇರಿಗೆ ಬಂದಾಗ ಅಡಿಕೆಯ ಧಾರಣೆ ಕೇಳುತ್ತಾರೆ, ಗೊಬ್ಬರದ ದಾಸ್ತಾನು ಕೇಳುತ್ತಾರೆ. ಎರಡಕ್ಕೂ ಉತ್ತರ ಸಿಕ್ಕ ಮೇಲೆ ಕುರ್ಚಿಯಿಂದ ಏಳುತ್ತ, "ಸೆಕ್ರೆಟರಿಯವರೇ, ನಮ್ಮ ಜೀಪು ಇಡುವುದೋ ಕೊಡುವುದೋ?" ಎಂದು ಮೂರನೆಯದನ್ನು ಕೇಳುವವರು ಈಗ ಹೆಚ್ಚಾಗಿದ್ದಾರೆ. ಅಂಕೋಲೆಯ ಹಿಲ್ಲೂರು, ಅಚವೆ ಕಡೆಯ ಕಣಿವೆಗಳಲ್ಲಾಗಲಿ, ಕಾರವಾರದ ಕದ್ರಾ, ದೇವಳಮಕ್ಕಿ ಬದಿಗಾಗಲಿ, ಎರಡು ಮೂರು ಎಕರೆಯ ತೋಟದವರ ಕೊಟ್ಟಿಗೆಯ ಪಕ್ಕದಲ್ಲಿ ಒಂದು ಹಳೆಯ ಜೀಪು, ಅದರ ಬೆನ್ನಿಗೊಂದು ಟ್ರೈಲರು ಇಂದಿಗೂ ಕಾಣಸಿಗುತ್ತವೆ. ಅವುಗಳಲ್ಲಿ ಅನೇಕವು ಮನೆಯ ಹಿರಿಮಗನಿಗಿಂತ ಹಳೆಯವು. ಹಾಗಿದ್ದೂ ದಿನಾ ಕೆಲಸ ಮಾಡುತ್ತಿವೆ. ಪ್ರಶ್ನೆ ಕಠಿಣವಾಗಿರುವುದು ಇದರಿಂದಲೇ. ಕೆಟ್ಟು ನಿಂತ ಗಾಡಿಯನ್ನು ಮಾರಲು ಯಾರ ಸಲಹೆಯೂ ಬೇಡ.

ಈ ವಿಷಯದಲ್ಲಿ ಮೂರು ಮಾತುಗಳನ್ನು ಬೇರೆಬೇರೆಯಾಗಿ ನೋಡಬೇಕು: ಗಾಡಿಯ ಮೈ, ಕಾಗದಪತ್ರ, ಹಣದ ಲೆಕ್ಕ. ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿದರೆ ತೀರ್ಮಾನ ಕೆಡುತ್ತದೆ.

ಜೀಪು ನಮ್ಮಲ್ಲಿ ಉಳಿದದ್ದೇಕೆ?

ಸ್ವಾತಂತ್ರ್ಯಾನಂತರದ ಆರಂಭದ ವರ್ಷಗಳಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಮುಂದೆ ಅದಕ್ಕೆ ಫ್ರಾನ್ಸಿನ ಪೂಜೋ ವಿನ್ಯಾಸದ ಡೀಸೆಲ್ ಎಂಜಿನ್ನೂ ಬಂದಿತು. ಎಂಎಂ 540, ಕಮಾಂಡರ್ ಮುಂತಾದ ಹೆಸರುಗಳು ನಮ್ಮವರಿಗೆ ಮನೆಮಾತಾದವು. ಅದರ ಗುಣ ಮೂರು: ನಾಲ್ಕು ಚಕ್ರದ ಎಳೆತ, ಕೆಸರಿಗೆ ಹೆದರದ ಎತ್ತರ, ಮತ್ತು ಊರಿನ ಮೇಸ್ತ್ರಿ ಪಾನಾ ಹಿಡಿದು ಮರದಡಿಯಲ್ಲೇ ಬಿಚ್ಚಿ ಕೂಡಿಸಬಹುದಾದ ಸರಳತೆ.

ಹೊಸ ಗಾಡಿಗಳಿಗೆ ಈ ಮೂರನೆಯ ಗುಣ ಅಷ್ಟಾಗಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಿದೆ. ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ, ಸೆನ್ಸರು ಇವೆಲ್ಲ ಸೇರಿವೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಸ್ವಲ್ಪ ದೂರ, ಸ್ವಲ್ಪ ವೇಗದಲ್ಲಿ ಓಡಬೇಕು. ದಿನವಿಡೀ ಅಂಗಳದಿಂದ ತೋಟಕ್ಕೆ, ತೋಟದಿಂದ ಅಂಗಳಕ್ಕೆ ಮೊದಲ ಗೇರಿನಲ್ಲಿ ತೆವಳುವವರಿಗೆ ಅಂಥ ಗಾಡಿ ತೊಂದರೆ ಕೊಡಬಹುದು. ದೀಪ ಹೊತ್ತಿಕೊಂಡರೆ ಕಂಪ್ಯೂಟರು ಇರುವ ವರ್ಕ್‌ಶಾಪಿಗೇ ಒಯ್ಯಬೇಕು. ಆದುದರಿಂದ ಹಳೆಯದನ್ನು ಬಿಡಲೊಲ್ಲದವರನ್ನು ಹಳೆಕಾಲದವರೆಂದು ನಗುವುದು ಸರಿಯಲ್ಲ.

ಹೊರಡುತ್ತದೆ, ಸರಿ. ನಿಲ್ಲುತ್ತದೆಯೇ?

"ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಚಾಲೂ ಆಗ್ತದೆ. ಇನ್ನೇನು ಬೇಕು?" ಎಂದು ಹೇಳುವವರು ಬಹಳ. ಗಾಡಿ ನಂಬಿಗಸ್ತ ಎನ್ನುವಾಗ ನಾವು ಅಳೆಯುವುದು ಎಂಜಿನ್ನನ್ನು. ಆದರೆ ಬೆನ್ನಿಗೆ ಭಾರ ಕಟ್ಟಿದ ಗಾಡಿಯ ನಂಬಿಕೆ ಇರುವುದು ಅದು ಹೊರಡುವುದರಲ್ಲಲ್ಲ, ಇಳಿಜಾರಿನಲ್ಲಿ ನಿಲ್ಲುವುದರಲ್ಲಿ. ಎಂಜಿನ್ ಕೆಟ್ಟರೆ ಒಂದು ದಿನದ ಕೆಲಸ ಕೆಡುತ್ತದೆ. ಬ್ರೇಕು ಕೆಟ್ಟರೆ ಒಂದು ಮನೆ ಕೆಡುತ್ತದೆ.

ಲೆಕ್ಕ ಸರಳ. ಜೀಪಿನ ತೂಕ 1,300 ಕಿಲೋ ಎಂದು ಹಿಡಿಯೋಣ, ತುಂಬಿದ ಟ್ರೈಲರಿನದು 1,200 ಕಿಲೋ. ನಮ್ಮ ಕಡೆಯ ಬಹುತೇಕ ಟ್ರೈಲರುಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ. ಅಂದರೆ ಒಂದು ಗಾಡಿಗಾಗಿ ಮಾಡಿದ ಬ್ರೇಕು ಎರಡು ಗಾಡಿಗಳ ಭಾರ ತಡೆಯಬೇಕು. ನಿಲ್ಲಲು ಬೇಕಾದ ದೂರವೂ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ವೇಗ ಇಮ್ಮಡಿಯಾದರೆ ಆ ದೂರ ನಾಲ್ಕು ಪಟ್ಟು. ಇಳಿಜಾರಿನ ತಿರುವಿನಲ್ಲಿ ಒಮ್ಮೆಲೇ ಬ್ರೇಕು ಒತ್ತಿದರೆ ಟ್ರೈಲರು ಜೀಪಿನ ಬೆನ್ನನ್ನು ಪಕ್ಕಕ್ಕೆ ದೂಡುತ್ತದೆ. ಅಲ್ಲಿಂದ ಮುಂದೆ ಸ್ಟೇರಿಂಗು ಹಿಡಿದವನ ಕೈಯಲ್ಲಿ ಏನೂ ಇಲ್ಲ.

ಹಳೆಯ ಜೀಪುಗಳಲ್ಲಿ ಹೆಚ್ಚಿನವುಗಳಿಗೆ ಇರುವುದು ಡ್ರಮ್ ಬ್ರೇಕು. ಹಳ್ಳ ದಾಟಿ ಬಂದರೆ ನೀರು ಹೊಕ್ಕು ಹಿಡಿತ ಕಡಿಮೆಯಾಗುತ್ತದೆ. ಉದ್ದನೆಯ ಘಟ್ಟ ಇಳಿಯುವಾಗ ಕಾದು ಹಿಡಿತ ಕಡಿಮೆಯಾಗುತ್ತದೆ. ತೀರ ಹಳೆಯ ಮಾದರಿಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಕ್ಕಿಲ್ಲ, ಗೇರುಪೆಟ್ಟಿಗೆಯ ಹಿಂದಿನ ಶಾಫ್ಟಿಗಿದೆ. ಶಾಫ್ಟಿನ ಜಾಯಿಂಟು ಮುರಿದರೆ ಹ್ಯಾಂಡ್‌ಬ್ರೇಕೂ ಹೋದಂತೆಯೇ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿದ್ದುದು ಎಲ್ಲರಿಗೂ ನೆನಪಿದೆ. ಚಾಲಕ ಬದುಕಿದ್ದು ಪುಣ್ಯ. ಹಿಂದಿನ ಸಂಜೆಯವರೆಗೂ ಅದರ ಮೇಲೆ ವಾಹನಗಳು ಓಡಾಡುತ್ತಲೇ ಇದ್ದವು. ಇಷ್ಟು ದಿನ ನಡೆದಿದೆ ಎಂಬುದು ನಾಳೆಯೂ ನಡೆಯುತ್ತದೆ ಎಂಬುದಕ್ಕೆ ಪ್ರಮಾಣವಲ್ಲ.

ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ

1. ಎಂಜಿನ್ ಚಾಲೂ ಇಟ್ಟು ಬ್ರೇಕು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರೋ, ಎಲ್ಲಿಯೋ ಸೋರಿಕೆಯೋ ಇದೆ. ಅಂದಿನಿಂದಲೇ ಟ್ರೈಲರು ಕಟ್ಟಬೇಡಿ.

2. ಸಮತಟ್ಟಾದ, ಜನಸಂಚಾರವಿಲ್ಲದ ಜಾಗದಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಿಲ್ಲಿಸಿ, ಹೆಜ್ಜೆಯಲ್ಲಿ ದೂರ ಅಳೆಯಿರಿ. ಮೊದಲು ಟ್ರೈಲರಿಲ್ಲದೆ, ಆಮೇಲೆ ಅರ್ಧ ಭಾರದೊಂದಿಗೆ. ಗಾಡಿ ಒಂದು ಬದಿಗೆ ಎಳೆಯುತ್ತದೆಯೇ ಎಂಬುದನ್ನೂ ಗಮನಿಸಿ. ಅಳತೆಯನ್ನು ಬರೆದಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಹೋಲಿಕೆ ಸಿಗುತ್ತದೆ.

3. ಬ್ರೇಕು ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ಎಣ್ಣೆ ಘಟ್ಟ ಇಳಿಯುವಾಗ ಕುದಿದು ಪೆಡಲು ಟೊಳ್ಳಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ರಬ್ಬರು ಹೋಸುಗಳು ಬಿರಿದಿದ್ದರೆ ಅವನ್ನೂ.

4. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಬಡಿದು ನೋಡಿ. ಗಟ್ಟಿ ಕಬ್ಬಿಣ ಟಣ್ಣೆನ್ನುತ್ತದೆ. ತಿಂದುಹೋದದ್ದು ಮಂಕಾಗಿ ಸದ್ದು ಮಾಡಿ ಪೊರೆ ಉದುರಿಸುತ್ತದೆ. ಸ್ಪ್ರಿಂಗ್ ಪ್ಲೇಟುಗಳು ಕೂರುವ ಜಾಗ, ಟ್ರೈಲರಿನ ಕೊಕ್ಕೆ ಇರುವ ಹಿಂಬದಿಯ ಅಡ್ಡಪಟ್ಟಿ, ಇವೆರಡು ಮುಖ್ಯ.

5. ಸ್ಟೇರಿಂಗಿನಲ್ಲಿ ಎರಡು ಇಂಚಿಗಿಂತ ಹೆಚ್ಚು ಸಡಿಲ ಇದ್ದರೆ ರಿಪೇರಿ ಮುಂದೂಡಬೇಡಿ.

ಈ ಐದರಲ್ಲಿ ನಾಲ್ಕನೆಯದೇ ನಿರ್ಣಾಯಕ. ಎಂಜಿನ್, ಗೇರುಪೆಟ್ಟಿಗೆ, ಬ್ರೇಕು ಇವನ್ನೆಲ್ಲ ಬದಲಿಸಬಹುದು. ನೂರು ಇಂಚಿಗೂ ಮೀರಿದ ಮಳೆ ಮತ್ತು ಕಡಲಗಾಳಿಯ ಉಪ್ಪು ಸೇರಿ ತಿಂದ ಚಾಸಿಗೆ ತೇಪೆ ಹಾಕಿ ವೆಲ್ಡಿಂಗ್ ಮಾಡಿದರೆ ಅದು ಜೀಪನ್ನು ಹೊರಬಹುದು, ಟ್ರೈಲರನ್ನು ಎಳೆಯಲಾರದು. ಕೊಕ್ಕೆಯ ಬಳಿ ಚಾಸಿ ಹೋಗಿದ್ದರೆ ಇಡುವುದೋ ಕೊಡುವುದೋ ಎಂಬ ಚರ್ಚೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು.

ಕಾಗದಪತ್ರದ ಮಾತು

ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂಬ ಸುದ್ದಿ ನಮ್ಮಲ್ಲೂ ಹಬ್ಬಿದೆ. ಅದು ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದ ವಾಯುಮಾಲಿನ್ಯದ ಕಾರಣದಿಂದ ಹುಟ್ಟಿದ ನಿಯಮ, ಉತ್ತರ ಕನ್ನಡದ್ದಲ್ಲ. ಹಾಗೆಯೇ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ನವೀಕರಿಸುವುದಿಲ್ಲವೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಇಲಾಖೆಯ ಜೀಪುಗಳು ಗುಜರಿಗೆ ಹೋದದ್ದನ್ನು ಕಂಡು ನಮ್ಮವರು ಹೆದರಬೇಕಾಗಿಲ್ಲ.

ಖಾಸಗಿ ವಾಹನಕ್ಕೆ ಮೋಟಾರು ವಾಹನ ಕಾಯಿದೆ, 1988ರಂತೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ಆದರೆ ಶುಲ್ಕ ಏರಿದೆ. 2022ರ ಏಪ್ರಿಲಿನಿಂದ ಜೀಪು, ಕಾರುಗಳಿಗೆ ಇದು 5,000 ರೂಪಾಯಿ. 2025ರ ಆಗಸ್ಟಿನ ತಿದ್ದುಪಡಿಯಂತೆ 20 ವರ್ಷ ದಾಟಿದವುಗಳಿಗೆ 10,000 ರೂಪಾಯಿ. ಹಸಿರು ತೆರಿಗೆ ಬೇರೆ. ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ಅರ್ಜಿ ಕೊಡಬಹುದು; ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ. ಹೊರಡುವ ಮುನ್ನ ಕಾರವಾರದ ಆರ್‌ಟಿಓ ಕಚೇರಿಯಲ್ಲಿ ಅಂದಿನ ಶುಲ್ಕ ವಿಚಾರಿಸಿಕೊಳ್ಳುವುದು ಲೇಸು.

ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ಜೀಪಿನ ನಂಬರು ಟ್ರೈಲರಿನ ಹಿಂದೆ ಕಾಣಬೇಕು. ತೋಟದ ದಣಪೆ ದಾಟಿದರೆ ಪಂಚಾಯತಿ ರಸ್ತೆಯೂ ಸಾರ್ವಜನಿಕ ರಸ್ತೆಯೇ. ಇನ್ನೊಂದು ಮಾತು: ಕೊನೆಗೌಡರನ್ನೋ ಕಾಫಿ ಕೊಯ್ಯುವ ಹೆಂಗಸರನ್ನೋ ಟ್ರೈಲರಿನಲ್ಲಿ ಕೂರಿಸಿ ಒಯ್ಯುವ ರೂಢಿ ನಿಲ್ಲಬೇಕು. ಅವಘಡವಾದರೆ ವಿಮೆಯ ರಕ್ಷಣೆ ಸಿಗುವುದು ಕಷ್ಟ. ಪರಿಹಾರ ತೋಟದಿಂದಲೇ ಹೋಗಬೇಕಾದೀತು. ಹಣಕ್ಕಿಂತ ದೊಡ್ಡದು ಅವರ ಜೀವ.

ಹಣದ ಲೆಕ್ಕ

ಕೆಳಗಿನ ಅಂಕಿಗಳು ರೀತಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ತುಂಬಿಕೊಳ್ಳಿ. ಹೊಸ ಗಾಡಿ 10 ಲಕ್ಷ ರೂಪಾಯಿ, ಕೈಯಿಂದ 2 ಲಕ್ಷ, ಸಾಲ 8 ಲಕ್ಷ, ಬಡ್ಡಿ ಶೇಕಡಾ 10, ಅವಧಿ ಐದು ವರ್ಷ. ತಿಂಗಳ ಕಂತು ಸುಮಾರು 17,000 ರೂಪಾಯಿ. ಐದು ವರ್ಷದಲ್ಲಿ ಕಂತು 10 ಲಕ್ಷ 20 ಸಾವಿರ. ಕೈಯಿಂದ ಕೊಟ್ಟದ್ದು ಸೇರಿ 12 ಲಕ್ಷ 20 ಸಾವಿರ. ಕೊನೆಗೆ ಗಾಡಿಗೆ ನಾಲ್ಕೂವರೆ ಲಕ್ಷ ಬೆಲೆ ಉಳಿದರೆ ನಿವ್ವಳ ಖರ್ಚು 7 ಲಕ್ಷ 70 ಸಾವಿರ, ಅಂದರೆ ವರ್ಷಕ್ಕೆ 1 ಲಕ್ಷ 54 ಸಾವಿರ.

ಹಳೆಯದಕ್ಕೆ ರಿಪೇರಿ ವರ್ಷಕ್ಕೆ 45,000, ನವೀಕರಣದ ಪಾಲು 2,000, ಘಟ್ಟಕ್ಕೋ ಕುಮಟೆಯ ಪೇಟೆಗೋ ಹೋಗಲು ಬಾಡಿಗೆ ಗಾಡಿ 12 ಸಲ, ಸಲಕ್ಕೆ 2,500ರಂತೆ 30,000. ಒಟ್ಟು 77,000 ರೂಪಾಯಿ. ಹೊಸದರ ಅರ್ಧ. ಈ ವ್ಯತ್ಯಾಸವನ್ನು ಇಂದಿನ ಧಾರಣೆಯಿಂದ ಭಾಗಿಸಿ, ಎಷ್ಟು ಚಾಲಿ ಅಡಿಕೆಯಾಯಿತು ನೋಡಿ. ಹೊಸ ಗಾಡಿ ವರ್ಷಕ್ಕೆ ಅಷ್ಟು ಅಡಿಕೆ ದುಡಿದುಕೊಡುತ್ತದೆಯೇ ಎಂಬುದು ನಿಜವಾದ ಪ್ರಶ್ನೆ.

ಇದಕ್ಕೆ ಎರಡು ಸಂಗತಿ ಸೇರಿಸಬೇಕು. ಒಂದು, ಜೀಪು ಕೆಟ್ಟು ನಿಂತ ದಿನಗಳು. ಮಳೆಗಾಲದ ಮುನ್ನ ಮೈಲುತುತ್ತ, ಸುಣ್ಣ ತರಬೇಕಾದಾಗ ಅಥವಾ ಕೊಯ್ಲಿನ ಕಾಲದಲ್ಲಿ ನಿಂತ ಒಂದು ದಿನ, ಬೇಸಿಗೆಯ ಬಿಡುವಿನಲ್ಲಿ ನಿಂತ ಹತ್ತು ದಿನಕ್ಕೆ ಸಮ. ಒಂದು ವರ್ಷ ಡೈರಿಯಲ್ಲಿ ಬರೆದಿಡಿ. ಕೊಯ್ಲಿನಲ್ಲೇ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಹಳೆಯದು ಅಗ್ಗವಲ್ಲ. ಎರಡು, ಸಾಲದ ಕಂತು ತಿಂಗಳಿಗೊಮ್ಮೆ ಬರುತ್ತದೆ, ಅಡಿಕೆಯ ಹಣ ವರ್ಷಕ್ಕೊಮ್ಮೆ. ಕೊಳೆರೋಗ ಬಿದ್ದ ವರ್ಷ, ಎಲೆಚುಕ್ಕೆ ರೋಗ ಹಬ್ಬಿದ ವರ್ಷ ಕಂತು ಕಾಯುವುದಿಲ್ಲ. ಸಾಲ ಮಾಡುವವರು ಬೆಳೆ ಬರುವ ಕಾಲಕ್ಕೆ ಸರಿಯಾಗಿ ಕಂತು ಹಾಕಿಕೊಡುವಂತೆ ಮೊದಲೇ ಕೇಳಿ, ಬರೆಸಿಕೊಳ್ಳಬೇಕು.

ಮೂರನೆಯ ದಾರಿ

ಇಡುವುದು, ಕೊಡುವುದು ಎಂಬ ಎರಡೇ ದಾರಿ ಎಂದು ತಿಳಿಯಬೇಕಾಗಿಲ್ಲ. ಕೆಲಸವನ್ನು ಪಾಲು ಮಾಡಬಹುದು. ಚಾಸಿ ಗಟ್ಟಿಯಿದ್ದ ಹಳೆಯ ಜೀಪು ತೋಟದೊಳಗೂ ಊರ ದಾರಿಯಲ್ಲೂ ಅರ್ಧ ಭಾರ ಎಳೆದುಕೊಂಡಿರಲಿ. ಹೆದ್ದಾರಿ ಮತ್ತು ಅರಬೈಲು ಘಟ್ಟದ ಭಾರಕ್ಕೆ ಪಿಕಪ್ ಗಾಡಿ ಬರಲಿ, ಬಾಡಿಗೆಯದೋ, ಮೂರು ನಾಲ್ಕು ಮನೆ ಕೂಡಿ ಕೊಂಡದ್ದೋ. ಪಿಕಪ್ಪಿಗೆ ಭಾರ ತನ್ನ ಬೆನ್ನ ಮೇಲೆಯೇ ಇರುವುದರಿಂದ ಟ್ರೈಲರಿನ ಅಪಾಯವಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಕಾಯಿದೆಯಂತೆ ಪರ್ಮಿಟ್ ಬೇಡ. ಫಿಟ್‌ನೆಸ್ ಪತ್ರ ಮಾತ್ರ ಬೇಕೇ ಬೇಕು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋದೊಳಗಿನ ಸರಕು ಗಾಡಿ ನಡೆಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಕೂಡಿ ಕೊಳ್ಳುವವರು ಒಪ್ಪಂದವನ್ನು ಕಾಗದದ ಮೇಲೆ ಬರೆಯಿರಿ: ಆರ್‌ಸಿ ಯಾರ ಹೆಸರಿಗೆ, ಕೊಯ್ಲಿನಲ್ಲಿ ಸರದಿ ಹೇಗೆ, ರಿಪೇರಿಗೆ ಯಾರ ಪಾಲೆಷ್ಟು. ಅಣ್ಣತಮ್ಮಂದಿರ ನಡುವೆಯೂ ಇದು ಬೇಕು.

ಪೂರ್ತಿ ಬಾಡಿಗೆಯನ್ನೇ ನಂಬುವುದೂ ನಮ್ಮ ಸೀಮೆಗೆ ಸಲ್ಲದು. 2021ರ ಜುಲೈನಲ್ಲಿ ಅರಬೈಲು ಘಟ್ಟ ಕುಸಿದು ದಾರಿ ಕಟ್ಟಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯೇ ಮುಚ್ಚಿತು. ಅಂಥ ಹೊತ್ತಿನಲ್ಲಿ ಆಚೆಯ ಬಾಡಿಗೆ ಗಾಡಿ ಈಚೆ ಬರುವುದಿಲ್ಲ. ಮನೆಯಲ್ಲಿ ಯಾವುದಾದರೊಂದು ನಾಲ್ಕು ಚಕ್ರ ಇದ್ದರೆ ಕಾಯಿಲೆಯವರನ್ನಾದರೂ ರಸ್ತೆಗೆ ಮುಟ್ಟಿಸಬಹುದು.

ಇಡುವವರಿಗೆ, ಕೊಡುವವರಿಗೆ

ಇಡುವವರು ಟ್ರೈಲರಿನ ಭಾರದ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಕೊಕ್ಕೆಯ ಮೇಲೆ ಬೀಳುವಂತೆ ಮೂಟೆ ಜೋಡಿಸಿ. ಹಿಂದಕ್ಕೆ ಭಾರ ಹೆಚ್ಚಾದರೆ ಟ್ರೈಲರು ಬಾಲ ಆಡಿಸುತ್ತದೆ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರು ಹಾಕಿ. ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡದೆ ಕೊಕ್ಕೆ ಬಿಚ್ಚಬೇಡಿ.

ಕೊಡುವವರು ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ಕೊಂಡವನು ಅಪಘಾತ ಮಾಡಿದರೆ ಹೊಣೆ ದಾಖಲೆಯಲ್ಲಿ ಹೆಸರಿದ್ದವರ ಮೇಲೆ ಬರುತ್ತದೆ. ಸರಕಾರ ಮಾನ್ಯ ಮಾಡಿದ ಗುಜರಿ ಕೇಂದ್ರಕ್ಕೇ ಒಪ್ಪಿಸಿದರೆ ಸಿಗುವ ಪ್ರಮಾಣಪತ್ರದ ಮೇಲೆ ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇಕಡಾ 25ರವರೆಗೆ, ಸರಕು ವಾಹನಕ್ಕೆ ಶೇಕಡಾ 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಚಾಸಿ ಹೋದ ಜೀಪನ್ನು ಇನ್ನೊಬ್ಬ ಬಡ ಬೆಳೆಗಾರನ ತಲೆಗೆ ಕಟ್ಟುವುದಕ್ಕಿಂತ ಈ ದಾರಿ ಮೇಲು.

ಒಟ್ಟಿನಲ್ಲಿ ಗಾಡಿಯ ವಯಸ್ಸು ಕೇಳಬೇಡಿ. ಮೊದಲು ಚಾಸಿ ನೋಡಿ, ಆಮೇಲೆ ಬ್ರೇಕು, ಆಮೇಲೆ ಆರ್‌ಸಿಯ ತಾರೀಖು, ಕೊನೆಗೆ ಪಾಸ್‌ಬುಕ್ಕು. ಮೊದಲ ಎರಡರಲ್ಲಿ ಸೋತ ಜೀಪನ್ನು, ಎಂಜಿನ್ ಎಷ್ಟೇ ಚೆನ್ನಾಗಿ ಹಾಡಲಿ, ಟ್ರೈಲರಿನಿಂದ ಬಿಡಿಸಿ. ನಾಲ್ಕರಲ್ಲೂ ಗೆದ್ದದ್ದನ್ನು ನೆರೆಯವರು ಹೊಸದು ತಂದರೆಂಬ ಕಾರಣಕ್ಕೆ ಮಾರಬೇಡಿ. ಈ ಮಳೆಗಾಲ ಹಿಡಿಯುವ ಮೊದಲೇ ಸುತ್ತಿಗೆ ಹಿಡಿದು ಒಮ್ಮೆ ಜೀಪಿನಡಿಗೆ ನುಸುಳಿರಿ.