ಹಿತ್ತಿಲಿಗೊಂದು ಹಳದಿ ಟೊಮೇಟೊ



ಟೊಮೇಟೊ ಎಂದರೆ ಕೆಂಪು ಹಣ್ಣು ಎಂದೇ ನಮಗೆ ರೂಢಿ. ಹಳದಿಯದು ಕಂಡರೆ 'ಇನ್ನೂ ಹಣ್ಣಾಗಿಲ್ಲ' ಅಂತ ಬಿಟ್ಟು ಹೋಗುವವರೇ ಹೆಚ್ಚು. ಆದರೆ ಈ ಗಿಡ ಯೂರೋಪಿಗೆ ಹೋದ ಹೊಸತರಲ್ಲಿ, 1544ರಲ್ಲಿ, ಇಟಲಿಯ ಮತ್ತಿಯೋಲಿ ಎಂಬ ವೈದ್ಯ ಇದರ ವಿಚಾರ ಬರೆಯುವಾಗ ಹಣ್ಣಾದ ಮೇಲೆ ಬಂಗಾರದ ಬಣ್ಣ ಬರುತ್ತದೆ ಎಂದು ಹೇಳಿದ. ಇಟಲಿಯವರು ಇಂದಿಗೂ ಟೊಮೇಟೊವನ್ನು 'ಪೊಮೊಡೊರೊ' ಎನ್ನುತ್ತಾರೆ. ಬಂಗಾರದ ಹಣ್ಣು ಎಂದು ಅದರ ಅರ್ಥ. ಹಳದಿ ಏನೂ ನಿನ್ನೆ ಮೊನ್ನೆಯದಲ್ಲ.

ಈ ದಿನ ಹೇಳಹೊರಟಿರುವುದು 'ಯೆಲ್ಲೋ ಪೇರ್' ಎಂಬ ಹಳೆಯ ತಳಿಯ ವಿಷಯ. 19ನೆಯ ಶತಮಾನದಿಂದಲೂ ಜನ ಇದನ್ನು ಕೈತೋಟದಲ್ಲಿ ಬೆಳೆಸಿಕೊಂಡು ಬಂದಿದ್ದಾರೆ. ಹಣ್ಣು ಹೆಬ್ಬೆರಳ ಗಾತ್ರ, ಕತ್ತು ಸಣ್ಣ, ಬುಡ ದುಂಡು. ಪುಟ್ಟ ಸೋರೆಬುರುಡೆಯ ಹಾಗೆ. ಗೊಂಚಲು ಗೊಂಚಲಾಗಿ ಬಿಡುತ್ತದೆ. ರುಚಿ ಸಪ್ಪೆಗೆ ಹತ್ತಿರ, ಹುಳಿ ಕಡಿಮೆ. ಸಾರಿಗೆ ಇದನ್ನೇ ನೆಚ್ಚಿಕೊಂಡರೆ ಮನೆಯವರು ಗೊಣಗಿಯಾರು. ಹುಣಸೆ ಬೇಕೇ ಬೇಕು. ಮಕ್ಕಳು ಮಾತ್ರ ಗಿಡದಿಂದಲೇ ಕಿತ್ತು ತಿಂದು ಮುಗಿಸುತ್ತವೆ.

ಹಾಗಾದರೆ ಇದನ್ನು ಯಾಕೆ ಬೆಳೆಯಬೇಕು ಅಂತೀರಾ? ಬೀಜಕ್ಕಾಗಿ. ಅಂಗಡಿಯಿಂದ ತಂದ ಮಿಶ್ರತಳಿಯ ಹಣ್ಣಿನ ಬೀಜ ಬಿತ್ತಿದರೆ ಗಿಡ ಒಂದೊಂದು ಒಂದೊಂದು ರೀತಿ. ಹೀಗಾಗಿ ಸಲಸಲಕ್ಕೂ ಪೊಟ್ಟಣ ಕೊಳ್ಳಬೇಕು. ಹಳೆಯ ತಳಿಗೆ ಈ ತೊಂದರೆ ಇಲ್ಲ. ಒಮ್ಮೆ ಬಂದ ಬೀಜ, ಜೋಪಾನ ಮಾಡಿದರೆ, ಮಗಳ ಮನೆಗೂ ಮೊಮ್ಮಗಳ ಮನೆಗೂ ಹೋದೀತು.

ಇದರ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಮಿಶ್ರತಳಿಗೆ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ, ಈ ಮೂರನ್ನೂ ತಡೆಯುವ ಶಕ್ತಿ ಇದೆ. ನಮ್ಮ ಹಳದಿಗೆ ಆ ಕವಚವಿಲ್ಲ. ಆದ್ದರಿಂದ ಎಕರೆಗಟ್ಟಲೆ ಹಾಕಿ ಮಾರುಕಟ್ಟೆಗೆ ಕಳಿಸುವ ಯೋಚನೆ ಬೇಡವೇ ಬೇಡ. ಹಿತ್ತಿಲಲ್ಲಿ ನಾಲ್ಕೈದು ಗಿಡ, ಅಷ್ಟೇ ಸಾಕು.

ಬಯಲು ಸೀಮೆಯಲ್ಲಿ ಮಳೆಯ ಜೋರು ತಗ್ಗಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಒಟ್ಟಲು ಹಾಕುವುದು ಮೇಲು. ಬೇಸಿಗೆಯಲ್ಲಿ ಬಿಳಿನೊಣದ ಕಾಟ ಹೆಚ್ಚು. ಎಲೆ ಮುಟುರುವ ನಂಜನ್ನು ಹೊತ್ತು ತರುವುದು ಅದೇ. ಸಸಿ ಎಳೆಯದಿರುವಾಗ ನಂಜು ತಗುಲಿದರೆ ಗಿಡ ಕೈಬಿಟ್ಟ ಹಾಗೆಯೇ. ಒಟ್ಟಲು ಪಾತಿಯ ಮೇಲೆ ಸೊಳ್ಳೆ ಪರದೆಗಿಂತಲೂ ಒತ್ತಾದ ನೈಲಾನ್ ಬಲೆ ಕಟ್ಟಿ. ಮುಟುರಿದ ಗಿಡ ಕಂಡ ದಿನವೇ ಕಿತ್ತು ದೂರ ಹಾಕಿ; ಕರುಣೆ ತೋರಿಸಿದರೆ ಪಕ್ಕದ ಗಿಡಗಳೂ ಹೋಗುತ್ತವೆ. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೆಳೆದಿದ್ದ ಜಾಗವೂ ಬೇಡ, ಇವೆಲ್ಲ ಒಂದೇ ಕುಲದವು.

25ರಿಂದ 30 ದಿನದ ಸಸಿಯನ್ನು ಕೊಟ್ಟಿಗೆ ಗೊಬ್ಬರ ಬೆರೆಸಿದ ಗುಣಿಯಲ್ಲಿ, ಗಿಡದಿಂದ ಗಿಡಕ್ಕೆ 3 ಅಡಿ ಬಿಟ್ಟು ನೆಡಿ. ಇದು ಗಿಡ್ಡನೆಯ ಜಾತಿಯಲ್ಲ, ಆಳೆತ್ತರ ಮೀರಿ ಹಬ್ಬುತ್ತದೆ. ಗಟ್ಟಿ ಗೂಟ ನೆಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಬುಡದ ಕಡೆ ಎಲೆಯ ಕಂಕುಳಲ್ಲಿ ಒಡೆಯುವ ಚಿಗುರನ್ನು ಚಿವುಟಿ. ನೀರು ಬುಡಕ್ಕೆ ಹಾಕಿ, ಎಲೆಯ ಮೇಲಲ್ಲ. ನಾಲ್ಕು ದಿನ ಮರೆತು ಐದನೆಯ ದಿನ ಕೊಡಗಟ್ಟಲೆ ಸುರಿದಿರೋ, ಹಣ್ಣು ಸೀಳಿಬಿಡುತ್ತದೆ.

ಇನ್ನು ಬೀಜದ ಮಾತು. ಟೊಮೇಟೊ ಬಹುಪಾಲು ತನ್ನ ಹೂವಿನಲ್ಲೇ ತಾನು ಪರಾಗ ಮುಟ್ಟಿಸಿಕೊಳ್ಳುವ ಗಿಡ. ಆದರೂ ಪಕ್ಕದಲ್ಲಿ ಕೆಂಪು ಜಾತಿ ಇದ್ದರೆ ಜೇನುನೊಣಗಳು ಅಲ್ಲೊಂದು ಇಲ್ಲೊಂದು ಬೆರಕೆ ಮಾಡುವುದುಂಟು. ಬೀಜಕ್ಕೆಂದು ಎರಡು ಮೂರು ಒಳ್ಳೆಯ ಗಿಡ ಗೊತ್ತುಮಾಡಿ, ಹೂ ಅರಳುವ ಮೊದಲೇ ಒಂದೊಂದು ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಬೆಳಗ್ಗೆ ಗೂಟವನ್ನು ಮೆಲ್ಲಗೆ ತಟ್ಟಿದರೆ ಪರಾಗ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಆ ಗೊಂಚಲಿಗೆ ದಾರ ಕಟ್ಟಿಡಿ.

ಬೆರಕೆಯಾದದ್ದು ಆ ವರ್ಷ ಕಣ್ಣಿಗೆ ಕಾಣದು. ತಾಯಿ ಗಿಡದ ಹಣ್ಣು ಹಳದಿಯೇ. ಬದಲಾಗಿರುವುದು ಒಳಗಿನ ಬೀಜ. ಲೈಕೋಪೀನ್ ಎಂಬ ಕೆಂಪು ಬಣ್ಣವನ್ನು ಕಟ್ಟುವ ಶಕ್ತಿ ಈ ತಳಿಗಿಲ್ಲ, ಅದಕ್ಕೇ ಹಳದಿ. ಕೆಂಪು ಜಾತಿಯ ಪರಾಗ ಸೇರಿದರೆ ಆ ಶಕ್ತಿ ಮರಳಿ ಬಂದು, ಮುಂದಿನ ಸಲ ಆ ಬೀಜದ ಗಿಡ ಕೆಂಪು ಹಣ್ಣನ್ನೇ ಬಿಡುತ್ತದೆ, ಆಕಾರವೂ ದುಂಡಗಾಗುತ್ತದೆ. ಅಂಥ ಗಿಡದ ಹಣ್ಣು ಧಾರಾಳವಾಗಿ ತಿನ್ನಿ, ಬೀಜ ಮಾತ್ರ ಇಡಬೇಡಿ.

ಬೀಜದ ಹಣ್ಣು ಗಿಡದಲ್ಲೇ ಚೆನ್ನಾಗಿ ಮಾಗಲಿ. ತಿಳಿ ಹಳದಿ ಹೋಗಿ ಗಾಢ ಹಳದಿಯಾಗಿ, ಒತ್ತಿದರೆ ಮೆತ್ತಗಿರಬೇಕು. ಹಿಂಡಿ, ತಿರುಳು ಬೀಜಗಳನ್ನು ಲೋಟದಲ್ಲಿ ಹಾಕಿ, ತುಸು ನೀರು ಬೆರೆಸಿ, ಎರಡು ಮೂರು ದಿನ ನೆರಳಿನಲ್ಲಿ ಹುಳಿಯಲು ಬಿಡಿ. ದಿನಕ್ಕೊಮ್ಮೆ ಕಲಕಿ. ವಾಸನೆ ಬಂತು, ಬೂಷ್ಟು ಕಟ್ಟಿತು ಅಂತ ಹೆದರಬೇಡಿ. ಬೀಜಕ್ಕೆ ಅಂಟಿದ ಲೋಳೆ ಬಿಡುವುದು ಹಾಗೆಯೇ. ಆ ಲೋಳೆ ಇದ್ದರೆ ಮೊಳಕೆ ತಡೆಯುತ್ತದೆ. ಮೂರು ದಿನ ಮೀರಿಸಿದರೆ ಲೋಟದಲ್ಲೇ ಮೊಳೆತೀತು, ಜೋಕೆ. ನೀರು ಹಾಕಿ ತೊಳೆದು, ತೇಲುವುದನ್ನು ಚೆಲ್ಲಿ, ತಳಕ್ಕಿಳಿದ ಬೀಜವನ್ನು ತಟ್ಟೆಯಲ್ಲಿ ಹರಡಿ ಗಾಳಿಯಾಡುವ ನೆರಳಿನಲ್ಲಿ ಒಂದು ವಾರ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಏಳುವುದಿಲ್ಲ.

ಒಣಗಿದ್ದನ್ನು ಪೊಟ್ಟಣ ಕಟ್ಟಿ, ತಳಿಯ ಹೆಸರು, ವರ್ಷ ಬರೆದು, ಒಣ ಬೂದಿ ಹಾಕಿದ ಸೀಸೆಯಲ್ಲಿಟ್ಟು ಬಿರಡೆ ಬಿಗಿ ಮಾಡಿ. ತಂಪಾದ ಕಡೆ ಇದ್ದರೆ ಮೂರು ನಾಲ್ಕು ವರ್ಷಕ್ಕೆ ಮೋಸವಿಲ್ಲ. ಹಳೆಯ ಬೀಜವಾದರೆ ಒಟ್ಟಲು ಹಾಕುವ ಹತ್ತು ದಿನ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಏಳೆಂಟು ಮೊಳೆತರೆ ಸರಿ. ಮೂರೋ ನಾಲ್ಕೋ ಆದರೆ ಬೀಜ ಇಮ್ಮಡಿ ಹಾಕಿ, ಆ ವರ್ಷವೇ ಹೊಸ ಬೀಜ ಮಾಡಿಕೊಳ್ಳಿ.