ಜೋಶುವಾ (ಹಾಯಿದೋಣಿ)

ಜೋಶುವಾ, ಫ್ರಾನ್ಸಿನ ನಾವಿಕ ಬರ್ನಾರ್ ಮೊಯ್ತೆಸ್ಸಿಯೆ ಅವರ ದೂರಪ್ರಯಾಣದ ಹಾಯಿದೋಣಿ. ಝಾನ್ ಕ್ನೋಕೇರ್ ವಿನ್ಯಾಸಗೊಳಿಸಿದ, ಸುಮಾರು 12 ಮೀಟರ್ ಉದ್ದದ ಈ ಉಕ್ಕಿನ ದೋಣಿಯನ್ನು 1962ರಲ್ಲಿ ನಿರ್ಮಿಸಲಾಯಿತು. ಇದಕ್ಕೆ ಎರಡು ಹಾಯಿಗಂಬಗಳಿದ್ದು, ಹಿಂಬದಿಯೂ ಮುಂಬದಿಯಂತೆ ಚೂಪಾಗಿದೆ. ಚುಕ್ಕಾಣಿಯನ್ನು ಒಳಗಿನಿಂದಲೂ ತಿರುಗಿಸಬಹುದಾಗಿತ್ತು. ಅಲೆಗಳ ಆರ್ಭಟವಿದ್ದಾಗ ನಾವಿಕರು ಪಾರದರ್ಶಕ ಗುಮ್ಮಟದ ಮೂಲಕ ಹೊರಗೆ ನೋಡುತ್ತಿದ್ದರು.

ವೇಗಕ್ಕಿಂತ ಪೆಟ್ಟು ತಾಳುವ ಗುಣವೇ ಇದರ ಹಿರಿಮೆ. 1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಕೇಪ್‌ಟೌನ್ ಸಮೀಪ ಸರಕುಹಡಗಿಗೆ ತಾಗಿ, ಮುಂತುದಿಯಿಂದ ಚಾಚಿದ್ದ ಉಕ್ಕಿನ ಕೊಳವೆಕಂಬ ಬಾಗಿತು. ಮೊಯ್ತೆಸ್ಸಿಯೆ ರಾಟೆ, ಹಗ್ಗಗಳಿಂದ ಅದನ್ನು ನಡುಗಡಲಿನಲ್ಲಿಯೇ ನೇರಗೊಳಿಸಿದರು. ಮರದ ಕಂಬವಾಗಿದ್ದರೆ ಮುರಿದೇ ಹೋಗುತ್ತಿತ್ತೇನೋ. ಬಳಿಕ ಅವರು ಸ್ಪರ್ಧೆಯನ್ನು ತೊರೆದು ತಾಹಿತಿಯವರೆಗೆ ಸಾಗಿದರು.

1982ರಲ್ಲಿ ಮೆಕ್ಸಿಕೊದ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಡಿದ ದೋಣಿಯನ್ನು ಬೇರೆಯವರು ದುರಸ್ತಿಗೊಳಿಸಿದರು. 1990ರಲ್ಲಿ ಲಾ ರೋಶೆಲ್‌ನ ಕಡಲ ವಸ್ತುಸಂಗ್ರಹಾಲಯವು ಅದನ್ನು ಕೊಂಡುಕೊಂಡಿತು.